ಓಡೆನ್ಸೆಯ ಕಥೆಹಬ್ಬಕ್ಕೆ ನಾನೊಬ್ಬ ಪತ್ತೇದಾರಿ ಅಜ್ಜಿಯನ್ನು ಕಳಿಸಿದ್ದು

ನನ್ನ ಪತ್ತೇದಾರಿ ಕಾದಂಬರಿ ಹುಟ್ಟಿದ್ದು ಕಾಗದದ ಒಂದು ಮಡಿಕೆಯಿಂದ. ಊರು, ಹಬ್ಬ, ಕಳ್ಳ, ಅಜ್ಜಿ ಎಲ್ಲ ಆಮೇಲೆ ಬಂದರು.

ನಾನಿರುವುದು ಡೆನ್ಮಾರ್ಕಿನ ಓಡೆನ್ಸೆಯಲ್ಲಿ. ಮಕ್ಕಳ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1805ರಲ್ಲಿ ಹುಟ್ಟಿದ ಊರು ಇದು. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ, ಅಮ್ಮ ಊರವರ ಬಟ್ಟೆ ಒಗೆಯುತ್ತಿದ್ದಳು. 14ನೇ ವಯಸ್ಸಿಗೆ ಊರು ಬಿಟ್ಟ ಆ ಹುಡುಗನ ಹೆಸರಿನಲ್ಲಿ 2013ರಿಂದ ಇಲ್ಲಿ ಆಗಸ್ಟ್ ಕೊನೆಯ ಹೊತ್ತಿಗೆ ದೊಡ್ಡ ಹಬ್ಬ ನಡೆಯುತ್ತಿದೆ. ಪಾರ್ಕಿನಲ್ಲಿ ನಾಟಕ, ಕಲ್ಲು ಹಾಸಿದ ಓಣಿಗಳಲ್ಲಿ ಕಥೆಯ ವೇಷಗಳು, ರಾತ್ರಿ ದೀಪದಾಟ. ಬಹಳಷ್ಟು ಕಾರ್ಯಕ್ರಮಗಳಿಗೆ ಟಿಕೆಟ್ಟೇ ಇಲ್ಲ. ಇಡೀ ಊರು ಬೀದಿಗೆ ಬರುತ್ತದೆ.

ಆಂಡರ್ಸನ್ ಕಥೆ ಬರೆದದ್ದು ಎಲ್ಲರಿಗೂ ಗೊತ್ತು. ಕತ್ತರಿಯಲ್ಲೂ ಅವನದು ಪಳಗಿದ ಕೈ. ಯಾರದಾದರೂ ಮನೆಗೆ ಹೋದರೆ ಮಕ್ಕಳಿಗೆ ಕಥೆ ಹೇಳುತ್ತಲೇ ಕಾಗದ ಮಡಚಿ ಕತ್ತರಿಸುತ್ತಿದ್ದ. ಬಿಡಿಸಿದರೆ ಹಂಸಗಳು, ಕೋಟೆ, ಕುಣಿಯುವ ಹುಡುಗಿಯರ ಸಾಲು. ಅದನ್ನು ಹಾಗೇ ಆ ಮನೆಯವರಿಗೆ ಕೊಟ್ಟುಬಿಡುತ್ತಿದ್ದ. ಇಲ್ಲಿನ ಮ್ಯೂಸಿಯಂನಲ್ಲಿ ಅಂಥವನ್ನು ನೋಡುತ್ತಾ ನಿಂತಾಗ ನನಗೆ ಹೊಳೆದದ್ದು ಒಂದೇ ಪ್ರಶ್ನೆ: ಇದರ ನಕಲು ಮಾಡಿದರೆ ಹೇಗೆ ಗೊತ್ತಾಗುತ್ತದೆ?

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಕತ್ತರಿ, ಬ್ಲೇಡು, ಬಿಳಿ ಹಾಳೆ ಹರಡಿಕೊಂಡು ಕೂತೆ. ಹಾಳೆ ಮಡಚಿ ಕತ್ತರಿಯಿಂದ ಹಂಸ ಕತ್ತರಿಸಿದೆ. ಕೊಕ್ಕಿನ ಹತ್ತಿರ ಕತ್ತರಿ ಚೂರು ಜಾರಿತು. ಬಿಡಿಸಿ ನೋಡಿದರೆ ಎಡದ ಹಂಸಕ್ಕೆ ಇರುವ ಗೀರು ಬಲದ ಹಂಸಕ್ಕೂ ಇದೆ, ಅಷ್ಟೇ ಆಳ, ಅದೇ ಜಾಗ. ನಡುವೆ ಮಡಿಕೆಯ ಗೆರೆ. ಆಮೇಲೆ ಅದರ ಅಚ್ಚು ತೆಗೆದುಕೊಂಡು ಹಾಳೆಯನ್ನು ಚಪ್ಪಟೆಯಾಗಿಟ್ಟು ಬ್ಲೇಡಿನಿಂದ ಕೊಯ್ದೆ. ಈಗ ಎರಡು ಕಡೆಯನ್ನೂ ಬೇರೆ ಬೇರೆ ಕೊಯ್ಯಬೇಕಲ್ವಾ? ಎಡಕ್ಕೊಂದು ತಪ್ಪು, ಬಲಕ್ಕೆ ಬೇರೆಯೇ ತಪ್ಪು. ಒಳಮೂಲೆಗಳಲ್ಲಿ ಎರಡು ಕೊಯ್ತ ಒಂದನ್ನೊಂದು ದಾಟಿ ಕೂದಲೆಳೆಯಷ್ಟು ಮುಂದೆ ಹೋಗಿರುತ್ತವೆ. ಕತ್ತರಿಯ ಕೆಲಸದಲ್ಲಿ ಹಾಗೆ ಕಾಣಲಿಲ್ಲ.

ಇದೇ ನನ್ನ ಸುಳಿವಾಯಿತು. ಪ್ರಯೋಗಾಲಯ ಬೇಡ, ಬೆರಳಚ್ಚು ಬೇಡ. ಕಣ್ಣು ನೆಟ್ಟು ನೋಡುವ ಯಾರಿಗಾದರೂ ಸಿಗುತ್ತದೆ. ಹವ್ಯಾಸಿ ಪತ್ತೇದಾರರ ಕಥೆಗೆ ಇಂಥ ಸುಳಿವೇ ಬೇಕು. ಪೊಲೀಸರ ಹತ್ತಿರ ಇಲ್ಲದ, ಆದರೆ ನಾಯಕಿಯ ಕೈಗೆ ಮೊದಲೇ ಗೊತ್ತಿರುವ ವಿದ್ಯೆ.

ಹಾಗಾದರೆ ಯಾರ ಕೈಗೆ ಗೊತ್ತಿರುತ್ತದೆ? ನನಗೆ ಶಿವಮೊಗ್ಗ ನೆನಪಾಯಿತು. ಗಣಪತಿ ಹಬ್ಬ ಬಂತೆಂದರೆ ಬಣ್ಣದ ಕಾಗದ ಮಡಚಿ ಮಡಚಿ ತೋರಣ ಕತ್ತರಿಸುತ್ತಿದ್ದ ಹೆಂಗಸರು ಕೇರಿಗೊಬ್ಬರು ಇದ್ದರು. ಅವರಲ್ಲೊಬ್ಬಳನ್ನು ಶಾರದಮ್ಮ ಎಂದು ಕರೆದು, ಮಗಳ ಬಾಣಂತನಕ್ಕೆ ಓಡೆನ್ಸೆಗೆ ಕರೆಸಿಕೊಂಡೆ. ಇದನ್ನು ನಾನು ಕಷ್ಟಪಟ್ಟು ಕಲ್ಪಿಸಲೇ ಇಲ್ಲ. ಇಲ್ಲಿನ ಕನ್ನಡದವರ ಮನೆಗಳಿಗೆ ಅಮ್ಮಂದಿರು ಬರುವುದು ಹೀಗೆಯೇ, ಮೆಂತ್ಯ, ಸಾರಿನ ಪುಡಿ, ಬಾಣಂತಿ ಲೇಹ್ಯ ಕಟ್ಟಿಕೊಂಡು.

ಬಾಣಂತನದ ಅಜ್ಜಿಯನ್ನು ಆರಿಸಿದ ಮೇಲೆ ಕಥೆಯ ಎಷ್ಟೋ ಗಂಟು ತಾನಾಗೇ ಬಿಚ್ಚಿಕೊಂಡಿತು. ಪ್ರವಾಸಿ ವೀಸಾದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಜೂನ್ ಮಧ್ಯದಲ್ಲಿ ಬಂದವಳಿಗೆ ಹಬ್ಬ ಮುಗಿಯುವಾಗ ಎರಡೇ ವಾರ ಉಳಿದಿರುತ್ತದೆ. ಗಡಿಯಾರ ತಂತಾನೇ ಓಡುತ್ತದೆ. ಡೇನಿಶ್ ಬರದವಳಾದ್ದರಿಂದ ಅವಳು ಜನರ ಮಾತು ಬಿಟ್ಟು ಕೈಗಳನ್ನು ನೋಡುತ್ತಾಳೆ. ಇನ್ನು ಪ್ರ್ಯಾಮ್, ಕೂಸನ್ನು ಮಲಗಿಸಿ ತಳ್ಳುವ ಗಾಡಿ. ಡೆನ್ಮಾರ್ಕಿನಲ್ಲಿ ಕೂಸುಗಳನ್ನು ಪ್ರ್ಯಾಮಿನಲ್ಲೇ ಹೊರಗೆ ಗಾಳಿಗೆ ಮಲಗಿಸುತ್ತಾರೆ. ಕೆಫೆಯ ಹೊರಗೆ ಸಾಲಾಗಿ ನಿಂತಿರುತ್ತವೆ. ಮೂರು ತಿಂಗಳು ಕೂಸನ್ನು ಹೊಸಿಲು ದಾಟಿಸಬಾರದು ಎನ್ನುವ ಶಾರದಮ್ಮನಿಗೂ ಮಗಳಿಗೂ ಇದರ ಮೇಲೆ ಮೊದಲ ಅಧ್ಯಾಯದಲ್ಲೇ ಜಗಳ. ಕೊನೆಗೆ ಕೂಸನ್ನು ಒಂಟಿಯಾಗಿ ಬಿಡಲಾರದೆ ಪಕ್ಕದಲ್ಲೇ ಕೂರುತ್ತಾಳೆ. ಪ್ರ್ಯಾಮಿನ ಪಕ್ಕ ಕೂತ ಅಜ್ಜಿಯನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

ಕೊಲೆ ಬೇಡ, ಕಳವು ಸಾಕು ಎಂದು ನಾನು ಬೇಗನೆ ತೀರ್ಮಾನಿಸಿದೆ. ಮಕ್ಕಳ ಹಬ್ಬದಲ್ಲಿ ಹೆಣ ಬಿದ್ದರೆ ಹಬ್ಬ ಅಲ್ಲಿಗೇ ನಿಲ್ಲುತ್ತದೆ, ಪೊಲೀಸರು ಜಾಗ ಸುತ್ತುವರಿಯುತ್ತಾರೆ, ಅಜ್ಜಿಗೆ ಅಲ್ಲಿ ಕೆಲಸವಿಲ್ಲ. ಒಂದು ಕುಟುಂಬ ಪ್ರದರ್ಶನಕ್ಕೆ ಕೊಟ್ಟ ಕಾಗದದ ಹಂಸದ ಜಾಗದಲ್ಲಿ ನಕಲು ಕೂತಿದ್ದರೆ? ಹಬ್ಬ ಮುಗಿಯುವವರೆಗೆ ಕಳವಾಗಿದೆ ಎಂದೇ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಹೇಳಿದರೂ ನಂಬುವುದಿಲ್ಲ. "ಅಮ್ಮಾ, ನಿನಗ್ಯಾಕೆ ಈ ಉಸಾಬರಿ? ಕೂಸಿಗೆ ನೀರು ಹಾಕುವ ಹೊತ್ತಾಯ್ತು" ಎನ್ನುತ್ತಾಳೆ ಮಗಳು.

ವೇಷ ಹಾಕಿದವರನ್ನು ಕಳ್ಳರನ್ನಾಗಿ ಮಾಡಲಿಲ್ಲ. ಓದುಗರು ಮೊದಲು ಅನುಮಾನಿಸುವುದೇ ಅವರನ್ನು. ಅವರನ್ನೆಲ್ಲ ಸಾಕ್ಷಿಗಳನ್ನಾಗಿ ಮಾಡಿದೆ. ಇನ್ನೊಬ್ಬ ಸಾಕ್ಷಿ ನನಗೆ ತುಂಬಾ ಇಷ್ಟ, ಖಾಲಿ ಬಾಟಲಿ ಆರಿಸುವವನು. ಇಲ್ಲಿ ಖಾಲಿ ಡಬ್ಬಿ, ಬಾಟಲಿ ಅಂಗಡಿಯ ಯಂತ್ರಕ್ಕೆ ಹಾಕಿದರೆ ಒಂದರಿಂದ ಮೂರು ಕ್ರೋನ್ ವಾಪಸ್ ಸಿಗುತ್ತದೆ. ಹಬ್ಬದ ಜಾಗದಲ್ಲಿ ಚೀಲ ಹಿಡಿದು ಓಡಾಡುವವರಿಗೆ ಯಾರು ಎಲ್ಲಿ ಎಷ್ಟು ಹೊತ್ತು ಕೂತಿದ್ದರು ಎಂಬುದು ಚೆನ್ನಾಗಿ ಗೊತ್ತು. ಅವರನ್ನು ಕೇಳುವವರಿಲ್ಲ, ಅಷ್ಟೆ.

ಹಬ್ಬದ ಕಾರ್ಯಕ್ರಮ ಪಟ್ಟಿಯನ್ನು ಗೋಡೆಗೆ ಅಂಟಿಸಿ ಅದರ ಮೇಲೇ ಎಲ್ಲರ ಓಡಾಟ ಬರೆದೆ. ಮೆರವಣಿಗೆ ಓಣಿಯಲ್ಲಿ ಇರುವಾಗ ಆ ಕಡೆಯಿಂದ ಈ ಕಡೆಗೆ ದಾಟಲಾಗುವುದಿಲ್ಲ, ಹಾಗಾಗಿ "ನಾನು ದಾಟಿ ಬಂದೆ" ಎಂದವನು ಸುಳ್ಳು ಹೇಳುತ್ತಿದ್ದಾನೆ. ಗೆಳತಿಯ ಪ್ರ್ಯಾಮ್ ಎರವಲು ತಂದು ಆಂಡರ್ಸನ್ ಬಾಲ್ಯದ ಮನೆಯಿಂದ ದೊಡ್ಡ ಚರ್ಚಿನ ಹಿಂದಿನ ತೋಟದವರೆಗೆ ತಳ್ಳಿಕೊಂಡು ಹೋದೆ. ಉರುಟು ಕಲ್ಲಿನ ಮೇಲೆ ಚಕ್ರ ಎಷ್ಟು ಕುಲುಕುತ್ತದೆ, ಕೂಸು ಎಲ್ಲಿ ಎಚ್ಚರವಾಗಬಹುದು, ಇವೆಲ್ಲ ನಕ್ಷೆಯಲ್ಲಿ ಸಿಗುವುದಿಲ್ಲ. ಆ ತೋಟದಲ್ಲಿ 1888ರ ಆಂಡರ್ಸನ್ ಪ್ರತಿಮೆ ಇದೆ. ಶಾರದಮ್ಮ ಯೋಚನೆ ಮಾಡುವ ಜಾಗ ಅದೇ.

ಸುಳಿವನ್ನು ಓದುಗರ ಕಣ್ಣೆದುರೇ ಇಡುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಮೂರನೇ ಅಧ್ಯಾಯದಲ್ಲಿ ಅದನ್ನು ಹೀಗೆ ಇಟ್ಟೆ: "ಗಾಜಿನ ಹಿಂದೆ ಎರಡು ಹಂಸ. ಬಲದ್ದರ ಕೊಕ್ಕು ಚೂಪು, ಎಡದ್ದು ತುಸು ಮೊಂಡು. ಕೂಸು ಕೊಸರಿತು." ಕೊನೆಯ ವಾಕ್ಯಕ್ಕೆ ಓದುಗರ ಗಮನವೆಲ್ಲ ಕೂಸಿನ ಕಡೆ ಹೋಗುತ್ತದೆ. ಆದರೆ ಸತ್ಯ ಪೂರ್ತಿ ಅಲ್ಲೇ ಇದೆ. ಮಡಚಿ ಕತ್ತರಿಸಿದ್ದರೆ ಎರಡು ಕೊಕ್ಕು ಬೇರೆ ಬೇರೆ ಆಗುವುದು ಹೇಗೆ? ಮುಂದಿನ ಅಧ್ಯಾಯದಲ್ಲಿ ಅವಳು ಮೊಮ್ಮಗಳ ನಾಮಕರಣಕ್ಕೆ ತೋರಣ ಕತ್ತರಿಸುವ ದೃಶ್ಯವೂ ಬರುತ್ತದೆ. ಎರಡನ್ನೂ ಸೇರಿಸಿಕೊಂಡವರಿಗೆ ಉತ್ತರ ಅವಳಿಗಿಂತ ಮೊದಲೇ ಸಿಕ್ಕಿರುತ್ತದೆ.

ಕರಡನ್ನು ಪತ್ತೇದಾರಿ ಓದುವ ಚಟವಿರುವ ನೆಂಟರಿಗೆ ಕೊಟ್ಟು ಒಂದೇ ಮಾತು ಕೇಳುತ್ತೇನೆ: ಯಾವ ಪುಟದಲ್ಲಿ ಅನುಮಾನ ಬಂತು? ಚೆನ್ನಾಗಿದೆಯಾ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಪುಟದ ಸಂಖ್ಯೆ ಹೇಳಿದರೆ ಸುಳಿವು ಎಲ್ಲಿ ಜಾಸ್ತಿ ಎದ್ದು ಕಂಡಿದೆ, ಎಲ್ಲಿ ಮುಚ್ಚಿಹೋಗಿದೆ ಎಂದು ನನಗೆ ತಿಳಿಯುತ್ತದೆ. ಸಾಗರದ ನಮ್ಮತ್ತೆ ಹಂಸದ ಪುಟಕ್ಕೇ ಬೆರಳಿಟ್ಟರು. ಅವರೂ ಗಣಪತಿ ತೋರಣ ಕತ್ತರಿಸಿದವರು. ಆ ಪುಟವನ್ನು ನಾನು ಬದಲಿಸಿಲ್ಲ.