ಅಮ್ಮನನ್ನು ಸಿಂಗಾಪುರಕ್ಕೆ ಕರೆಸೋ ಮುಂಚೆ ಪಾರಿವಾಳದ ವಿಷಯ ಹೇಳಿಬಿಡಿ

ರಜೆಗೆ ಸಿಂಗಾಪುರದಿಂದ ಹಾಸನಕ್ಕೆ ಬಂದಿದ್ದೇನೆ. ತಾರಸಿ ಮೇಲೆ ಅಮ್ಮ ಅಕ್ಕಿ ನುಚ್ಚು ಎರಚುತ್ತಿದ್ದಾರೆ, ಪಾರಿವಾಳಗಳು ಅವರ ಕಾಲ ಬುಡದಲ್ಲೇ. ಪಕ್ಕದ ಬೀದಿಯ ಹುಡುಗ ಮುಂದಿನ ತಿಂಗಳು ಸಿಂಗಾಪುರಕ್ಕೆ ಹೊರಟಿದ್ದಾನೆ. ಏನೇನು ತಗೊಂಡು ಹೋಗಬೇಕು ಅಂತ ಕೇಳಲು ಬಂದವನಿಗೆ ಮೊದಲು ತೋರಿಸಿದ್ದು ಆ ನುಚ್ಚಿನ ಬಟ್ಟಲನ್ನು. 'ಇದೊಂದು ಅಲ್ಲಿ ಬೇಡಪ್ಪ' ಅಂದೆ.

ಸಿಂಗಾಪುರದಲ್ಲಿ ವನ್ಯಜೀವಿಗಳಿಗೆ ಬೇಕಂತಲೇ ತಿನ್ನಲು ಹಾಕುವುದು ಅಪರಾಧ. 2020ರ ಜೂನ್‌ನಿಂದ ಕಾಯ್ದೆ ಇನ್ನೂ ಬಿಗಿಯಾಗಿದೆ. ಮೊದಲ ಸಲ 5,000 ಡಾಲರ್ ತನಕ ದಂಡ, ಮತ್ತೆ ಸಿಕ್ಕಿಬಿದ್ದರೆ 10,000 ತನಕ. ಅಲ್ಲಿನ 5,000 ಅಂದರೆ ನಮ್ಮ ಮೂರು ಲಕ್ಷಕ್ಕೂ ಜಾಸ್ತಿ! ವನ್ಯಜೀವಿ ಅಂದರೆ ಕಾಡಿನದು ಅಂದುಕೊಳ್ಳಬೇಡಿ. ಮನೆ ಕೆಳಗೆ ಓಡಾಡುವ ಪಾರಿವಾಳ, ಮೈನಾ, ಕಾಗೆ ಎಲ್ಲವೂ ಅದರಲ್ಲೇ ಬರುತ್ತವೆ.

ಅಮ್ಮ ಮೊದಲ ಸಲ ಬಂದಾಗ ನಾನು ಇದನ್ನು ಹೇಳಿರಲಿಲ್ಲ. ಮಿಕ್ಕ ಅನ್ನ ಚೆಲ್ಲಲು ಮನಸ್ಸು ಬರದೆ, ಕಾರಿಡಾರಿನ ಗೋಡೆ ಮೇಲೆ ಇಟ್ಟರು. ಮೊದಲು ಎರಡು ಬಂದವು, ವಾರದಲ್ಲಿ ಇಪ್ಪತ್ತಾದವು. ಕೆಳಗಿನ ಮನೆಯವರು ಬಿದಿರು ಗಳಕ್ಕೆ ಒಣಹಾಕಿದ್ದ ಬಿಳಿ ಶರ್ಟಿನ ಮೇಲೆಲ್ಲ ಹಿಕ್ಕೆ. ಆಕೆ ಬಾಗಿಲು ತಟ್ಟಿ ಮೆಲ್ಲಗೇ ಹೇಳಿ ಹೋದರು. ಬೈದಿದ್ದರೆ ವಾಸಿ ಇತ್ತು.

'ಮೂಕ ಹಕ್ಕಿಗೆ ನಾಲ್ಕು ಅಗುಳು ಹಾಕಿದರೆ ಏನೋ ತಪ್ಪು?' ಅಂತ ಅಮ್ಮ ಕೇಳಿದರು. ಪಾಪ, ಕೇಳಬೇಕಾದ್ದೇ. ಆದರೆ ಮೇವು ಸಿಗುತ್ತಿದ್ದರೆ ಪಾರಿವಾಳ ವರ್ಷವಿಡೀ ಮೊಟ್ಟೆ ಇಡುತ್ತದೆ. ಒಣಗಿದ ಹಿಕ್ಕೆಯ ಧೂಳು ಕೆಲವರಿಗೆ ಶ್ವಾಸಕೋಶದ ಕಾಯಿಲೆ ತರುತ್ತದೆ.

ಬೇರೆ ದೇಶಕ್ಕೆ ಹೋಗುವವರೂ ಸುಮ್ನೆ ಇರಬೇಡಿ. ಹಾಂಗ್‌ಕಾಂಗ್‌ನಲ್ಲಿ 2024ರ ಆಗಸ್ಟ್‌ನಿಂದ ಸ್ಥಳದಲ್ಲೇ 5,000 ಹಾಂಗ್‌ಕಾಂಗ್ ಡಾಲರ್ ದಂಡದ ಚೀಟಿ ಕೊಡಬಹುದು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ 2003ರಿಂದಲೇ ನಿಷೇಧ. ಬ್ರಿಟನ್ನಿನ ಉಳಿದ ಕಡೆ ಊರಿಗೊಂದು ನಿಯಮ, ಅಲ್ಲಿನ ಕೌನ್ಸಿಲ್‌ನಲ್ಲಿ ಕೇಳಿಕೊಳ್ಳಿ.

ಕಷ್ಟವಾಗುವುದು ಮಹಾಲಯ ಅಮಾವಾಸ್ಯೆ ದಿನ. ಕಾಗೆಗೆ ಎಡೆ ಇಡದೆ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ, ಅಲ್ವಾ? ನಾವು ಹಾಸನದಲ್ಲಿರುವ ತಮ್ಮನಿಗೆ ಒಪ್ಪಿಸಿದೆವು. ಇದೇ ತಾರಸಿಯಲ್ಲಿ ಬಾಳೆಲೆ ಇಟ್ಟು, ವಿಡಿಯೊ ಕಾಲ್ ಮಾಡಿ 'ಕಾ ಕಾ' ಅಂತ ಕೂಗಿದ. ಸಿಂಗಾಪುರದ ಗಡಿಯಾರ ಎರಡೂವರೆ ಗಂಟೆ ಮುಂದೆ. ಕಾಗೆ ಬಂದು ವಡೆ ಕಚ್ಚಿಕೊಂಡು ಹಾರುವ ಹೊತ್ತಿಗೆ ಅಲ್ಲಿ ನಾಲ್ಕು ಗಂಟೆ. ಆಮೇಲೇ ಅಮ್ಮ ಊಟಕ್ಕೆ ಕೂತರು.