ಅಕ್ಕಿಕಾಳಿನಷ್ಟು ಪೇಸ್ಟ್, ದೊಡ್ಡವರ ಕೈ: ಹಾಲುಹಲ್ಲಿನ ಹುಳುಕು ತಡೆದ ನನ್ನ ಅನುಭವ

ಮೊದಲ ಹಲ್ಲು ಮೂಡಿದ ದಿನದಿಂದಲೇ 1000 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಫ್ಲೋರೈಡ್ ಇರುವ ಪೇಸ್ಟನ್ನು ಹಚ್ಚಿಸುತ್ತೇನೆ ಎಂದಾಗ ನನ್ನ ದಂತವೈದ್ಯ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಹುಬ್ಬೇರಿಸಿದ್ದರು. ಎಳೆಯ ಮಗು ಉಗುಳುವುದಿಲ್ಲ, ನುಂಗುತ್ತದೆ, ನಾಳೆ ಶಾಶ್ವತ ಹಲ್ಲುಗಳಲ್ಲಿ ಬಿಳಿ ಪಟ್ಟೆ ಕಾಣಿಸಿಕೊಂಡರೆ ಹೊಣೆ ಯಾರದು ಎಂಬುದು ಅವರ ಆಕ್ಷೇಪವಾಗಿತ್ತು. ಹೀಗೆ ಕೇಳಿದವರಲ್ಲಿ ಕೆಲವರು ಈಗ ತಮ್ಮಲ್ಲಿಗೆ ಬರುವ ಪುಟ್ಟ ಮಕ್ಕಳನ್ನು ನನ್ನ ಬಳಿಗೆ ಕಳುಹಿಸುತ್ತಿರುವುದರಿಂದ, ಮಾಡಿದ್ದನ್ನು ಬರೆದಿಡಬಹುದು ಎನಿಸಿದೆ.

ಇದಕ್ಕೂ ಮುಂಚೆ ಹಣ ಸುರಿದ ದಾರಿಗಳು ಹಲವು. 500 ಪಿಪಿಎಂ ಆಸುಪಾಸಿನ ಮಕ್ಕಳ ಪೇಸ್ಟ್ ಹೇಳಿ ನೋಡಿದಾಗ ಹುಳುಕು ತನ್ನ ಪಾಡಿಗೆ ತಾನು ಬೆಳೆಯಿತು. ಆರು ತಿಂಗಳಿಗೊಮ್ಮೆ ವಾರ್ನಿಷ್, ಅಂದರೆ ಹಲ್ಲಿಗೆ ಅಂಟಿಕೊಳ್ಳುವ ಫ್ಲೋರೈಡ್ ಲೇಪ, ಹಚ್ಚಿದೆ. ಅದರಲ್ಲಿ 22,600 ಪಿಪಿಎಂ ಇದ್ದರೂ, ನಡುವಿನ ಅಷ್ಟೂ ರಾತ್ರಿಗಳು ಮನೆಯಲ್ಲಿ ಹಳೆಯಂತೆಯೇ ಕಳೆಯುತ್ತಿದ್ದವು. ಎಲ್ಲಕ್ಕಿಂತ ದುಬಾರಿಯಾದದ್ದು ಪೂರ್ಣ ಅರಿವಳಿಕೆಯಲ್ಲಿ ಬಾಯಿಯನ್ನೆಲ್ಲ ಸರಿಪಡಿಸುವ ಚಿಕಿತ್ಸೆ. ವರ್ಷ ತುಂಬುವುದರೊಳಗೆ ಅದೇ ಮಗು ಹೊಸ ಹುಳುಕಿನೊಂದಿಗೆ ಬಂದಾಗ, ಬಿಲ್ಲು ಕಟ್ಟಿದ ತಂದೆಯ ಮುಖವನ್ನು ನೋಡುವುದು ಯಾವ ವೈದ್ಯನಿಗೂ ಸುಲಭವಲ್ಲ.

ದಾರಿ ತೋರಿಸಿದ್ದು ಗ್ರಾಂ ಲೆಕ್ಕದ ಒಂದು ಪುಟ್ಟ ತಕ್ಕಡಿ. ಮನೆಯಲ್ಲಿ ಹಾಕುವಷ್ಟೇ ಪೇಸ್ಟನ್ನು ಬ್ರಷ್ಷಿನ ಮೇಲೆ ಹಾಕಿ ಎಂದು ಪೋಷಕರಿಗೆ ಹೇಳಿ ತೂಗತೊಡಗಿದೆ. ಬಹುತೇಕರದ್ದು ಮುಕ್ಕಾಲು ಗ್ರಾಮಿನಿಂದ ಒಂದು ಗ್ರಾಮಿನವರೆಗೆ ಬರುತ್ತಿತ್ತು. ಅಕ್ಕಿಕಾಳಿನಷ್ಟೆಂದರೆ ಸುಮಾರು 0.1 ಗ್ರಾಂ. ಇನ್ನು ಗುಣಿಸಿ ನೋಡಿ: 500 ಪಿಪಿಎಂ ಪೇಸ್ಟನ್ನು ಒಂದು ಗ್ರಾಂ ಹಾಕಿ ಮಗು ಪೂರ್ತಿ ನುಂಗಿದರೆ ಹೊಟ್ಟೆಗೆ ಹೋಗುವುದು 0.5 ಮಿಲಿಗ್ರಾಂ ಫ್ಲೋರೈಡ್, 1000 ಪಿಪಿಎಂ ಪೇಸ್ಟನ್ನು ಅಕ್ಕಿಕಾಳಿನಷ್ಟು ಹಾಕಿ ಪೂರ್ತಿ ನುಂಗಿದರೂ ಹೋಗುವುದು 0.1 ಮಿಲಿಗ್ರಾಂ. ಹಲ್ಲನ್ನು ಕಾಯುವುದು ಸಾಂದ್ರತೆ, ಪಟ್ಟೆ ತರುವುದು ನುಂಗಿದ ಒಟ್ಟು ಪ್ರಮಾಣ ಎಂಬುದು ನಮಗೆಲ್ಲ ಪಾಠದಲ್ಲಿ ಗೊತ್ತಿದ್ದದ್ದೇ, ಆದರೆ ತಕ್ಕಡಿಯ ಮುಂದೆ ನಿಂತ ತಾಯಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರುವ ಕಡೆಯ ಮಕ್ಕಳಿಗೆ ಮೊದಲು ನೀರನ್ನೇ ಬದಲಿಸಲು ಹೇಳುತ್ತೇನೆ.

ರಾತ್ರಿಯ ಸರದಿಯಲ್ಲಿ ಬ್ರಷ್ ಮಗುವಿನ ಕೈಗೆ ಹೋಗುವುದೇ ಇಲ್ಲ. ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಪೇಸ್ಟನ್ನು ಎಳೆಗಳ ಒಳಕ್ಕೆ ಒತ್ತಿ (ಮೇಲೆ ಕುಳಿತಿದ್ದರೆ ಮಗು ಮೊದಲು ಅದನ್ನೇ ನೆಕ್ಕಿಬಿಡುತ್ತದೆ), ಮೇಲ್ದುಟಿಯನ್ನು ಬೆರಳಿನಿಂದ ಎತ್ತಿ, ಮೇಲಿನ ಬಾಚಿಹಲ್ಲುಗಳ ಒಸಡಿನ ಅಂಚಿನಿಂದ ಆರಂಭಿಸಬೇಕು. ಜೊಲ್ಲು ಅತಿ ಕಡಿಮೆ ಹರಿಯುವ ಆ ಜಾಗದಲ್ಲೇ ಹುಳುಕು ಮೊದಲು ತಲೆಯೆತ್ತುವುದರಿಂದ, ಮಗು ಅರ್ಧಕ್ಕೇ ರಂಪ ಮಾಡಿದರೂ ಮುಖ್ಯ ಕೆಲಸ ಮುಗಿದಿರುತ್ತದೆ. ಬಾಯಿ ಮುಕ್ಕಳಿಸುವುದು ಬೇಡ, ನೊರೆಯನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಆಮೇಲೆ ನೀರಲ್ಲದೆ ಬೇರೇನೂ ಇಲ್ಲ. ಬಾಯಿ ಬಿಗಿಹಿಡಿಯುವ ಮಗುವನ್ನು ನಾನು ಹೇಗೆ ಒಲಿಸುತ್ತೇನೆ ಎಂದು ಹಲವರು ಕೇಳಿದ್ದಾರೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಹಣದ ಮಾತಿಗೆ ಬಂದರೆ, ಹಲ್ಲುಜ್ಜುವುದನ್ನು ಕಲಿಸಲು ಶುಲ್ಕ ಎಂದರೆ ಯಾರೂ ಕೊಡಲೊಲ್ಲರು. ಹಾಗಾಗಿ ಕಲಿಸಲು ಹಿಡಿಯುವ ಇಪ್ಪತ್ತು ನಿಮಿಷವನ್ನು ವಾರ್ನಿಷ್ ಶುಲ್ಕದೊಳಗೆ ಸೇರಿಸಿದೆ, ತಕರಾರು ನಿಂತಿತು. ದಿನಕ್ಕೆರಡು ಸಲ ಅಕ್ಕಿಕಾಳಿನಷ್ಟು ಹಾಕಿದರೆ 100 ಗ್ರಾಂ ಟ್ಯೂಬ್ ಸುಮಾರು 500 ದಿನ ಬರುತ್ತದೆ ಎಂದಾಗ ಪೋಷಕರೂ ನಂಬುವುದಿಲ್ಲ. ಭರ್ತಿ ಮಾಡುವ ಕೆಲಸದಿಂದ ಬರುತ್ತಿದ್ದ ಆದಾಯ ಮೊದಲ ಎರಡು ವರ್ಷ ಕಣ್ಣಿಗೆ ಕಾಣುವಷ್ಟು ಇಳಿದು, ಹೊಸ ಕುಟುಂಬಗಳು ಬರತೊಡಗಿದ ಮೇಲೆ ಚೇತರಿಸಿಕೊಂಡಿತು.

ನೆನಪಿನಿಂದ ಹೇಳುವುದಾದರೆ, ಹುಳುಕು ಇನ್ನೂ ಕುಳಿಯಾಗದ ಬಿಳಿ ಕಲೆಯ ಹಂತದಲ್ಲೇ ಬಂದ ಹತ್ತು ಮಕ್ಕಳಲ್ಲಿ ಏಳೆಂಟು ಮಕ್ಕಳ ಕಲೆ ಕುಳಿಯಾಗದೆ ನಿಂತಿದೆ. ಗಾಳಿಯಲ್ಲಿ ಒಣಗಿಸಿ ನೋಡಿದಾಗ ಸುಣ್ಣದಂತೆ ಮಂಕಾಗಿದ್ದ ಮೇಲ್ಮೈ ಕೆಲವೇ ತಿಂಗಳಲ್ಲಿ ನುಣುಪಾಗಿ ಹೊಳೆಯತೊಡಗುತ್ತದೆ. ಮೊನಚು ಪ್ರೋಬಿನಿಂದ ಅದನ್ನು ಕೆದಕಿ ಪರೀಕ್ಷಿಸುವ ಚಟ ಇರುವವರು ದಯವಿಟ್ಟು ಬಿಡಬೇಕು. ಸೋತ ಮಕ್ಕಳಲ್ಲಿ ಬಹುತೇಕರು ರಾತ್ರಿಯಿಡೀ ಹಾಲಿನ ಬಾಟಲಿ ಕಚ್ಚಿಕೊಂಡು ಮಲಗುವವರು. ಅವರಿಗೆ 38% ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ, ಹುಳುಕನ್ನು ನಿಲ್ಲಿಸುವ ದ್ರವ ಹಚ್ಚಿ ಕುಳಿಯನ್ನು ತಡೆದಿದ್ದೇನೆ, ಹಲ್ಲು ಕಪ್ಪಾಗುತ್ತದೆ ಎಂದು ಮೊದಲೇ ಫೋಟೊ ತೋರಿಸಿ ಒಪ್ಪಿಗೆ ಪಡೆದು.

ಇದರ ನಡುವೆ ಸ್ಟಿಕ್ಕರ್ ಅಂಟಿಸುವ ಪಟ್ಟಿ, ಎರಡು ನಿಮಿಷದ ಮರಳು ಗಡಿಯಾರ, ಹಾಡುವ ಬ್ರಷ್ ಎಲ್ಲವನ್ನೂ ಕೊಂಡು ಪರೀಕ್ಷಿಸಿದೆ. ತಿಂಗಳೊಳಗೆ ಎಲ್ಲವೂ ಮೂಲೆ ಸೇರಿದವು. ಉಳಿದುಕೊಂಡದ್ದು ಕೊಳೆಗೆ ಬಣ್ಣ ಹಿಡಿಸುವ ಮಾತ್ರೆ ಮಾತ್ರ, ಅದೂ ಐದಾರು ವರ್ಷದ ಮಕ್ಕಳಿಗೆ. ಆ ವಯಸ್ಸಿಗೆ ಪೇಸ್ಟಿನ ಪ್ರಮಾಣ ಬಟಾಣಿ ಕಾಳಿನಷ್ಟಾಗಿರುತ್ತದೆ. ಆರನೆಯ ವರ್ಷದ ದವಡೆಹಲ್ಲು ಹಾಲುಹಲ್ಲುಗಳ ಹಿಂದೆ, ಅವುಗಳಿಗಿಂತ ತಗ್ಗಿನಲ್ಲಿ ಮೂಡುವುದರಿಂದ ನೇರವಾಗಿ ಉಜ್ಜಿದರೆ ಬ್ರಷ್ ಅದನ್ನು ಮುಟ್ಟುವುದೇ ಇಲ್ಲ. ಕೆನ್ನೆಯ ಕಡೆಯಿಂದ ಬ್ರಷ್ಷನ್ನು ಅಡ್ಡಲಾಗಿ ತೂರಿಸಿ ಆ ಒಂದು ಹಲ್ಲನ್ನೇ ಬೇರೆಯಾಗಿ ಉಜ್ಜಲು ಪೋಷಕರಿಗೆ ಕುರ್ಚಿಯಲ್ಲೇ ಮಾಡಿಸಿ ಕಳುಹಿಸುತ್ತೇನೆ.