ಫೈಲ್ ಲಾಕ್ ಆಗಿದೆಯೇ? ಸರ್ವರ್ ಆಫ್ ಮಾಡುವ ಮೊದಲು ಇಷ್ಟು ನೋಡಿ

ರಾಯಚೂರಿನ ಒಂದು ಜಿನ್ನಿಂಗ್ ಮಿಲ್ಲು. ಹತ್ತಿ ಸೀಸನ್ನು, ಗೇಟಿನ ಹೊರಗೆ ಗಾಡಿಗಳ ಸಾಲು. ಒಳಗೆ ಅಕೌಂಟೆಂಟ್ ಅವತ್ತಿನ ಲಾಟ್ ಬರೆಯಲು ಎಕ್ಸೆಲ್ ಫೈಲ್ ತೆರೆದರೆ ಪರದೆ ಮೇಲೆ ಒಂದು ಡಬ್ಬಿ: ಈ ಫೈಲ್ ಅನ್ನು 'ಯೂಸರ್' ಎಡಿಟ್ ಮಾಡುತ್ತಿದ್ದಾರೆ, ನೀವು ಬೇಕಾದರೆ ಓದಬಹುದು ಅಷ್ಟೇ.

"ಲಾಟ್ ಶೀಟ್ ಯಾರ್ ತೆಗದೀರಿ?"

"ನಾ ಮುಟ್ಟೇ ಇಲ್ರಿ ಸರ." ಮೂರು ಕಡೆಯಿಂದ ಒಂದೇ ಉತ್ತರ.

ಕೊನೆಗೆ ಯಾರೋ ಹೋಗಿ, ಎಲ್ಲರ ಫೈಲುಗಳೂ ಇರುವ ಸರ್ವರ್ ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದರು. ಲಾಟ್ ಶೀಟ್ ತೆರೆಯಿತು. ಪಕ್ಕದ ಟೇಬಲಿನವರು ಟ್ಯಾಲಿಯಲ್ಲಿ ಅರ್ಧ ಹೊಡೆದಿದ್ದ ವೋಚರ್ ಹೋಯಿತು. ಮಾರನೇ ದಿನ ಅದೇ ಡಬ್ಬಿ ಮತ್ತೆ ಬಂತು, ಆಗ ನನಗೆ ಫೋನ್ ಬಂತು.

ಲಾಕ್ ಅಂದರೆ ಏನೋ ಕೆಟ್ಟಿದೆ ಅಂತಲ್ಲ. ಇಬ್ಬರು ಒಂದೇ ಫೈಲಿನಲ್ಲಿ ಬರೆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿಬಿಡುತ್ತಾರೆ. ಅದನ್ನು ತಡೆಯಲು ಎಕ್ಸೆಲ್ ಮೊದಲು ತೆರೆದವರಿಗೆ ಮಾತ್ರ ಬರೆಯಲು ಬಿಡುತ್ತದೆ. ಹಾಗಾಗಿ ಫೈಲ್ ಹಿಡಿದು ಕೂತವರು ಯಾರು ಅಂತ ಹುಡುಕಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಡಬ್ಬಿಯಲ್ಲಿ ಬರುವ ಹೆಸರು

ಆ ಹೆಸರು ಎಲ್ಲಿಂದ ಬರುತ್ತದೆ ಗೊತ್ತಾ? ಎಕ್ಸೆಲ್‌ನ ಫೈಲ್ ಮೆನುವಿನಲ್ಲಿ ಆಪ್ಷನ್ಸ್, ಅದರಲ್ಲಿ ಜನರಲ್, ಅಲ್ಲಿ 'ಯೂಸರ್ ನೇಮ್' ಅಂತ ಒಂದು ಜಾಗ ಇದೆ. ಕಂಪ್ಯೂಟರ್ ಹಾಕಿಕೊಟ್ಟವರು ಎಲ್ಲ ಮಷೀನಿಗೂ 'ಯೂಸರ್' ಅಂತಲೋ 'ಅಡ್ಮಿನ್' ಅಂತಲೋ ಒಂದೇ ಹೆಸರು ಕೊಟ್ಟು ಹೋಗಿರುತ್ತಾರೆ. ಈ ಮಿಲ್ಲಿನ ನಾಲ್ಕೂ ಕಂಪ್ಯೂಟರಿನಲ್ಲಿ ಆ ಜಾಗದಲ್ಲಿ ಇದ್ದದ್ದು 'ಯೂಸರ್'! ಇನ್ನು ಯಾರು ಅಂತ ಹೇಗೆ ತಿಳಿಯಬೇಕು? ಇವತ್ತೇ ಪ್ರತಿ ಮಷೀನಿನಲ್ಲೂ 'ಆಫೀಸ್', 'ಗೋದಾಮು', 'ಕಾಟಾ' ಅಂತ ಬೇರೆ ಬೇರೆ ಹೆಸರು ಹಾಕಿ. ಐದು ನಿಮಿಷದ ಕೆಲಸ.

ಡಬ್ಬಿಯಲ್ಲಿ ನಿಮ್ಮದೇ ಹೆಸರು ಬಂದರೆ ಗಾಬರಿ ಬೇಡ. ನಿಮ್ಮ ಎಕ್ಸೆಲ್ ಹಿಂದೆ ಯಾವಾಗಲೋ ಹ್ಯಾಂಗ್ ಆಗಿ, ಕಣ್ಣಿಗೆ ಕಾಣದೆ ಇನ್ನೂ ಓಡುತ್ತಿರಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಬೇರೆ ಎಕ್ಸೆಲ್ ಫೈಲುಗಳಿದ್ದರೆ ಸೇವ್ ಮಾಡಿಕೊಂಡು, ಉಳಿದ ಎಕ್ಸೆಲ್ ಅನ್ನು ಅಲ್ಲಿಂದ ಮುಚ್ಚಿ.

ಕಾಯಲು ಆಗುತ್ತದೆ ಅಂದರೆ 'ನೋಟಿಫೈ' ಒತ್ತಿ. ಫೈಲ್ ಬಿಡುವಾದಾಗ ಎಕ್ಸೆಲ್ ತಾನೇ ಹೇಳುತ್ತದೆ. ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಂಡು ಕೆಲಸ ಮುಂದುವರಿಸುವುದು ಮಾತ್ರ ಬೇಡ. 'ಲಾಟ್ ಹೊಸದು', 'ಲಾಟ್ ಫೈನಲ್', 'ಲಾಟ್ ಫೈನಲ್ 2' ಅಂತ ಮೂರು ಫೈಲ್ ಆಗಿ, ತಿಂಗಳ ಕೊನೆಗೆ ಯಾವುದು ನಿಜ ಅಂತ ಜಗಳ ಆಗಿದ್ದನ್ನು ನಾನೇ ನೋಡಿದ್ದೇನೆ.

ಸರ್ವರಿನಲ್ಲಿ ನೋಡುವುದು

ಕೇಳಿದರೂ ಯಾರೂ ಒಪ್ಪಲಿಲ್ಲ ಅಂದರೆ ಸರ್ವರ್ ಹತ್ತಿರ ಹೋಗಿ. ವಿಂಡೋಸ್ ಆದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅಡ್ಮಿನ್ ಪಾಸ್‌ವರ್ಡ್ ಬೇಕಾಗುತ್ತದೆ. ಎಡಗಡೆ 'ಶೇರ್ಡ್ ಫೋಲ್ಡರ್ಸ್' ಅಂತ ಇದೆ. ಅದರೊಳಗಿನ 'ಓಪನ್ ಫೈಲ್ಸ್' ಒತ್ತಿದರೆ ಈ ಕ್ಷಣಕ್ಕೆ ತೆರೆದಿರುವ ಎಲ್ಲ ಫೈಲುಗಳ ಪಟ್ಟಿ ಬರುತ್ತದೆ. ಯಾರು ತೆರೆದಿದ್ದಾರೆ, ಓದಲಿಕ್ಕೋ ಬರೆಯಲಿಕ್ಕೋ, ಎಲ್ಲ ಅಲ್ಲಿದೆ.

ಎಲ್ಲರೂ ಒಂದೇ ಲಾಗಿನ್‌ನಿಂದ ಸರ್ವರಿಗೆ ಬರುತ್ತಿದ್ದರೆ ಅಲ್ಲೂ ಒಂದೇ ಹೆಸರು ಕಾಣುತ್ತದೆ. ಆಗ 'ಸೆಷನ್ಸ್' ನೋಡಿ. ಅಲ್ಲಿ ಕಂಪ್ಯೂಟರಿನ ಹೆಸರು ಅಥವಾ ಐಪಿ ನಂಬರ್, ಎಷ್ಟು ಫೈಲ್ ತೆರೆದಿದೆ, ಎಷ್ಟು ಹೊತ್ತಿನಿಂದ ಸುಮ್ನೆ ಕೂತಿದೆ ಅಂತ ಬರುತ್ತದೆ. ನಮ್ಮ ಮಿಲ್ಲಿನಲ್ಲಿ ಒಂದು ಮಷೀನು ಗಂಟೆಗಟ್ಟಲೆ ಸುಮ್ಮನಿತ್ತು, ಫೈಲ್ ಮಾತ್ರ ಹಿಡಿದುಕೊಂಡಿತ್ತು. ಅದು ತೂಕದ ಕಾಟಾ ಕೋಣೆಯದು. ಹೋಗಿ ನೋಡಿದರೆ ಕುರ್ಚಿ ಖಾಲಿ. "ಒಗ್ಗರಣಿ ಮಿರ್ಚಿ ತಿನ್ನಾಕ ಹೋಗ್ಯಾನ್ರಿ" ಎಂದರು ಹಮಾಲರು. ಲಾಟ್ ಶೀಟ್ ಕೆಳಗೆ ಮಿನಿಮೈಸ್ ಆಗಿ ಕೂತಿತ್ತು. ಬೆಳಿಗ್ಗೆ ಬರೆದ ಹನ್ನೊಂದು ಗಾಡಿಗಳ ತೂಕ ಅದರಲ್ಲಿ ಸೇವ್ ಆಗದೆ ಇತ್ತು. ಹಿಂದಿನ ದಿನ ಸರ್ವರ್ ಆಫ್ ಮಾಡಿದಾಗ ಇಂಥದ್ದು ಏನೇನು ಹೋಯಿತೋ.

ಓಪನ್ ಫೈಲ್ಸ್ ಪಟ್ಟಿಯಲ್ಲಿ ರೈಟ್ ಕ್ಲಿಕ್ ಮಾಡಿ 'ಕ್ಲೋಸ್ ಓಪನ್ ಫೈಲ್' ಕೊಟ್ಟರೆ ಲಾಕ್ ಬಿಡುತ್ತದೆ. ಅದನ್ನು ಒತ್ತುವ ಮೊದಲು ಆ ಮಷೀನಿನ ಹತ್ತಿರ ಎದ್ದು ಹೋಗಿ ನೋಡಿ. ಫೈಲಿನ ಒಂದು ಕಾಪಿಯನ್ನೂ ಬೇರೆ ಕಡೆ ತೆಗೆದಿಟ್ಟುಕೊಳ್ಳಿ. ಟ್ಯಾಲಿಯ ಡೇಟಾ ಫೈಲುಗಳನ್ನು ಮಾತ್ರ ಹೀಗೆ ಬಲವಂತದಿಂದ ಮುಚ್ಚಲೇಬೇಡಿ.

ಯಾರೂ ತೆರೆದಿಲ್ಲ, ಆದರೂ ಲಾಕ್

ಪಟ್ಟಿಯಲ್ಲಿ ಆ ಫೈಲೇ ಇಲ್ಲ ಅನ್ನಿ. ಆಗ ಫೋಲ್ಡರ್ ತೆರೆದು, ವ್ಯೂ ಮೆನುವಿನಲ್ಲಿ 'ಹಿಡನ್ ಐಟಮ್ಸ್' ಟಿಕ್ ಮಾಡಿ. ಅದೇ ಹೆಸರಿನ ಮುಂದೆ ~$ ಇರುವ ಪುಟ್ಟ ಫೈಲ್ ಕಾಣಬಹುದು. ಎಕ್ಸೆಲ್ ಫೈಲ್ ತೆರೆದಾಗ ಹುಟ್ಟಿ, ಮುಚ್ಚಿದಾಗ ಹೋಗಬೇಕಾದ ಚೀಟಿ ಅದು. ಕರೆಂಟ್ ಹೋಗಿ ಮಷೀನ್ ಧಡಕ್ಕನೆ ಆಫ್ ಆದರೆ ಚೀಟಿ ಅಲ್ಲೇ ಉಳಿಯುತ್ತದೆ. ಡಿಲೀಟ್ ಮಾಡಿ. ಡಿಲೀಟ್ ಆಗಲು ಒಪ್ಪದಿದ್ದರೆ ಯಾರೋ ನಿಜವಾಗಿಯೂ ಹಿಡಿದಿದ್ದಾರೆ, ಮತ್ತೆ ಪಟ್ಟಿ ನೋಡಿ.

ದಿನಾ ಈ ಚೀಟಿ ಉಳಿಯುತ್ತಿದ್ದರೆ ಫೋಲ್ಡರಿನ ಪರ್ಮಿಷನ್ ನೋಡಿ. "ಹುಡುಗರು ಏನೂ ಡಿಲೀಟ್ ಮಾಡಬಾರದು" ಅಂತ ಕೆಲವು ಮಾಲೀಕರು 'ರೈಟ್', ಅಂದರೆ ಬರೆಯುವ ಅಧಿಕಾರ ಮಾತ್ರ ಕೊಡಿಸಿರುತ್ತಾರೆ. ಎಕ್ಸೆಲ್‌ಗೆ ತನ್ನ ಚೀಟಿ ಅಳಿಸಲೂ ಡಿಲೀಟ್ ಅಧಿಕಾರ ಬೇಕು. ಅಳಿಸುವುದೂ ಸೇರಿರುವ 'ಮಾಡಿಫೈ' ಕೊಡಿ, ಫೈಲಿನ ಭಯಕ್ಕೆ ಬ್ಯಾಕಪ್ ಇಟ್ಟುಕೊಳ್ಳಿ.

ಇನ್ನೊಂದು ಕಳ್ಳ, ಫೋಲ್ಡರಿನ ಪ್ರಿವ್ಯೂ ಕಿಟಕಿ. ಫೈಲ್ ತೆರೆಯದೆ, ಮೇಲೆ ಒಂದು ಕ್ಲಿಕ್ ಮಾಡಿದರೆ ಸಾಕು, ಬಲಗಡೆ ತೋರಿಸಲು ಹೋಗಿ ಫೈಲನ್ನು ಹಿಡಿದುಬಿಡುತ್ತದೆ. "ನಾ ಮುಟ್ಟೇ ಇಲ್ಲ" ಅನ್ನುವವರು ಪಾಪ ಸುಳ್ಳು ಹೇಳುತ್ತಿರುವುದಿಲ್ಲ. ಆಲ್ಟ್ ಮತ್ತು ಪಿ ಒತ್ತಿದರೆ ಆ ಕಿಟಕಿ ಮುಚ್ಚುತ್ತದೆ. ದಿನಾ ಒಂದೇ ಹೊತ್ತಿಗೆ ಲಾಕ್ ಆಗುತ್ತಿದ್ದರೆ ಬ್ಯಾಕಪ್ ಅಥವಾ ಆಂಟಿವೈರಸ್ ಮೇಲೆ ಅನುಮಾನ ಪಡಿ, ಅದರ ಟೈಮನ್ನು ರಾತ್ರಿಗೆ ಹಾಕಿ.

ಕೊನೆಗೆ ಮೇಜಿನ ಕೆಳಗೆ ಬಗ್ಗಿ ಒಮ್ಮೆ ನೋಡಿ. ಕಂಪ್ಯೂಟರುಗಳಿಗೆ ಯುಪಿಎಸ್ ಇರುತ್ತದೆ, ಎಲ್ಲ ವೈರ್ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚು ಮಾತ್ರ ಸೀದಾ ಗೋಡೆಯ ಪ್ಲಗ್ಗಿನಲ್ಲಿರುತ್ತದೆ. ಕರೆಂಟ್ ಒಂದು ಸಲ ಮಿನುಗಿದರೂ ಸಂಪರ್ಕ ಕಡಿದುಹೋಗುತ್ತದೆ. ಸರ್ವರ್ ಮಾತ್ರ ಹಳೇ ಫೈಲ್ ಇನ್ನೂ ತೆರೆದಿದೆ ಅಂತಲೇ ಸ್ವಲ್ಪ ಹೊತ್ತು ಲಾಕ್ ಹಿಡಿದಿರುತ್ತದೆ. ಈ ಮಿಲ್ಲಿನಲ್ಲೂ ಹಾಗೇ ಇತ್ತು. ಸ್ವಿಚ್ಚಿನ ಪ್ಲಗ್ ಕಿತ್ತು ಯುಪಿಎಸ್‌ಗೆ ಹಾಕಲು ಹೋದರೆ ಅಲ್ಲಿ ಜಾಗ ಖಾಲಿ ಇರಲಿಲ್ಲ. ಕೊನೇ ಸಾಕೆಟ್ಟಿನಲ್ಲಿ ಯಾರದೋ ಮೊಬೈಲ್ ಚಾರ್ಜ್ ಆಗುತ್ತಿತ್ತು.